ಆ ಕುಕ್ಕರ್ ಅಂಗಡಿಗೆ ಕೊಡಬೇಡಿ

ಪ್ರಶ್ನೆ: ಮೇಡಂ, ನಮ್ಮದು ಬಳ್ಳಾರಿಯ ಕೌಲ್ ಬಜಾರ್. ನನ್ನ ಮದುವೆಗೆ ಸೋದರಮಾವ ಐದು ಲೀಟರ್ ಕುಕ್ಕರ್ ಕೊಡಿಸಿದ್ದರು. ಒಂದೂವರೆ ವರ್ಷ ಚೆನ್ನಾಗೇ ಇತ್ತು. ಹೋದ ತಿಂಗಳು ಬೇಳೆ ಇಟ್ಟಿದ್ದೆ. ಎಷ್ಟು ಹೊತ್ತಾದರೂ ವಿಷಲ್ ಬರಲಿಲ್ಲ. ನೋಡೋಣ ಅಂತ ಹತ್ತಿರ ಹೋದೆ, ಅಷ್ಟರಲ್ಲಿ ಮುಚ್ಚಳ ಹಾರಿ ಮೇಲೆ ಬಡಿಯಿತು. ಬಲಗೈ, ಕುತ್ತಿಗೆ ಸುಟ್ಟವು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಈಗ ಅಂಗಡಿಯವರು "ಹಳೇದು ತಂದುಕೊಡಿ, ಹೊಸದು ಕೊಡ್ತೀವಿ, ಒಂದು ಸೈನ್ ಮಾಡಿ ಸಾಕು" ಅಂತಿದ್ದಾರೆ. ಬಿಲ್ ಮಾವನ ಹೆಸರಲ್ಲಿದೆ. ಮಧ್ಯೆ ಒಂದ್ಸಲ ಸಂತೆಯಲ್ಲಿ ರಬ್ಬರ್ ತಂದು ಹಾಕಿದ್ದೆ, ಅದನ್ನೂ ಹೇಳಿಬಿಡ್ತೀನಿ. ನನಗೆ ಪರಿಹಾರ ಸಿಗುತ್ತಾ?

ಉತ್ತರ: ತಂಗಿ, ಕೈ ಈಗ ಹೇಗಿದೆ? ಉಳಿದದ್ದೆಲ್ಲ ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಆ ಕುಕ್ಕರ್, ಮುಚ್ಚಳ, ರಬ್ಬರ್, ವಿಷಲ್ ಎಲ್ಲವನ್ನೂ ತೊಳೆಯದೆ, ಒರೆಸದೆ, ಇದ್ದ ಹಾಗೇ ಒಂದು ಚೀಲಕ್ಕೆ ಹಾಕಿ ಕಟ್ಟಿ ಅಟ್ಟದ ಮೇಲಿಡಿ. ಅಂಗಡಿಗೆ ಕೊಡಬೇಡಿ. ಯಾವ ಕಾಗದಕ್ಕೂ ಸೈನ್ ಹಾಕಬೇಡಿ. ನಿಮ್ಮ ಕೇಸಿನಲ್ಲಿ ಆ ಕುಕ್ಕರ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಅದು ಅವರ ಕೈಗೆ ಹೋದ ಮೇಲೆ ನೀವು ಏನು ಹೇಳಿದರೂ ಬರೀ ಬಾಯಿಮಾತಾಗುತ್ತೆ. ಎರಡು ಸಾವಿರದ ಹೊಸ ಕುಕ್ಕರ್ ಆಸೆಗೆ ಜನ ಇದನ್ನೇ ಕಳೆದುಕೊಳ್ಳುತ್ತಾರೆ, ನನಗೆ ಬಹಳ ಸಂಕಟ ಆಗೋದು ಅದಕ್ಕೇ.

ಚೀಲಕ್ಕೆ ಹಾಕುವ ಮುಂಚೆ ಮೊಬೈಲಲ್ಲಿ ಫೋಟೋ ತೆಗೆಯಿರಿ. ಮುಚ್ಚಳದ ಮೇಲೆ ವಿಷಲ್ ಕೂರುವ ಕೊಳವೆ ಇದೆಯಲ್ಲ, ಅದರ ಪಕ್ಕದಲ್ಲಿ ಒಂದು ಸಣ್ಣ ಬಿರಡೆ ಇರುತ್ತೆ, ಸೇಫ್ಟಿ ವಾಲ್ವ್. ಹಬೆ ಹೊರಗೆ ಹೋಗಲು ದಾರಿ ಸಿಗದೆ ಒತ್ತಡ ಜಾಸ್ತಿಯಾದರೆ ಮೊದಲು ಅದು ಬಿಟ್ಟುಕೊಳ್ಳಬೇಕು. ಮುಚ್ಚಳವೇ ಹಾರಿದೆ, ಆದರೂ ವಾಲ್ವ್ ಹಾಗೇ ಗಟ್ಟಿಯಾಗಿ ಕೂತಿದೆ ಅಂದರೆ ಕೇಳಲೇಬೇಕಾದ ಪ್ರಶ್ನೆ ಅದು. ಅದನ್ನು ಹತ್ತಿರದಿಂದ ಎರಡು ಫೋಟೋ ತೆಗೆಯಿರಿ. ಹಿಡಿಯ ಕೊಕ್ಕೆ ಬಾಗಿದೆಯಾ, ಅಂಚು ಒಡೆದಿದೆಯಾ, ಅದನ್ನೂ ತೆಗೆಯಿರಿ. ಐಎಸ್‌ಐ ಗುರುತು ಎಲ್ಲಿದೆ ಹುಡುಕಿ. ಮನೆ ಬಳಕೆಯ ಕುಕ್ಕರ್‌ಗೆ 2021ರ ಫೆಬ್ರವರಿಯಿಂದ ಆ ಗುರುತು ಕಡ್ಡಾಯ. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತೆ. ಅದನ್ನು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ.

ಬಿಲ್ ಮಾವನ ಹೆಸರಲ್ಲಿದೆ ಅಂತ ಹೆದರಬೇಡಿ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನ ಲೆಕ್ಕದಲ್ಲಿ ಗ್ರಾಹಕರೇ. ಅಳಿಯನ ಮನೆಗೆ ಉಡುಗೊರೆ ಬಂದ ಕುಕ್ಕರ್‌ಗೆ ಇದಕ್ಕಿಂತ ಒಪ್ಪಿಗೆ ಇನ್ನೇನು ಬೇಕು?

ಈಗ ಕಾನೂನಿಗೆ ಬರೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ ಆರನೇ ಅಧ್ಯಾಯ ಪೂರ್ತಿ ಇದೇ ವಿಷಯಕ್ಕೆ ಮೀಸಲು. ದೋಷದ ಸಾಮಾನಿನಿಂದ ಯಾರಿಗಾದರೂ ಪೆಟ್ಟಾದರೆ ತಯಾರಿಸಿದ ಕಂಪನಿ ಪರಿಹಾರ ಕೊಡಬೇಕು. ತಯಾರಿಕೆಯಲ್ಲಿ ತಪ್ಪಿದ್ದರೆ, ವಿನ್ಯಾಸವೇ ಸರಿ ಇಲ್ಲದಿದ್ದರೆ, ಬಳಸುವ ರೀತಿ ಮತ್ತು ಅಪಾಯವನ್ನು ಸರಿಯಾಗಿ ತಿಳಿಸದಿದ್ದರೆ, ಇವುಗಳಲ್ಲಿ ಒಂದು ಸಾಬೀತಾದರೂ ಸಾಕು. ಪರಿಹಾರ ಅಂದರೆ ಕುಕ್ಕರ್ ದುಡ್ಡು ಮಾತ್ರ ಅಲ್ಲ. ಆಸ್ಪತ್ರೆ ಖರ್ಚು, ಸುಟ್ಟ ಗಾಯ, ಆ ಗಾಯದಿಂದ ಅನುಭವಿಸಿದ ಮಾನಸಿಕ ನೋವು, ಎಲ್ಲಾ ಕೇಳಬಹುದು.

ರಬ್ಬರ್ ವಿಷಯ ಮುಚ್ಚಿಡದೆ ಬರೆದಿರಿ, ಒಳ್ಳೆಯದು ಮಾಡಿದಿರಿ. ಅಂಗಡಿಯವರು, ಕಂಪನಿಯವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಸಾಮಾನನ್ನು ತಪ್ಪಾಗಿ ಬಳಸಿದ್ದರೆ, ಬದಲಾಯಿಸಿದ್ದರೆ ಅದು ಮಾರಿದವರಿಗೆ ರಕ್ಷಣೆ ಅಂತ 87ನೇ ಸೆಕ್ಷನ್ ಹೇಳುತ್ತೆ. ಆದರೆ ರಬ್ಬರ್ ಬದಲಾಯಿಸಿದ್ದರಿಂದಲೇ ಮುಚ್ಚಳ ಹಾರಿತಾ, ಇಲ್ಲಾ ವಾಲ್ವ್ ಕೆಲಸ ಮಾಡದ್ದರಿಂದಲಾ? ಇದನ್ನು ಅಂಗಡಿಯವರು ಹೇಳಬಾರದು, ಲ್ಯಾಬ್ ಹೇಳಬೇಕು. ದೂರು ಕೇಳುವ ಗ್ರಾಹಕರ ಆಯೋಗ ಕುಕ್ಕರನ್ನು ಸೀಲ್ ಮಾಡಿ ಪರೀಕ್ಷೆಗೆ ಕಳಿಸಬಹುದು, ಅದರ ಫೀಸು ಮೊದಲು ನೀವು ಕಟ್ಟಬೇಕಾಗುತ್ತೆ. ಹಾಗಾಗಿ ದೂರಿನಲ್ಲೇ ರಬ್ಬರ್ ಬದಲಾಯಿಸಿದ್ದನ್ನು ಬರೆಯಿರಿ. ಅವರು ಹೊರಗೆಳೆಯುವ ಮುಂಚೆ ನೀವೇ ಹೇಳಿದರೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುತ್ತೆ.

ದೂರು ಎಲ್ಲಿ ಕೊಡಬೇಕು? ಬಳ್ಳಾರಿಯಲ್ಲೇ, ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸ ಇರುವ ಊರಲ್ಲೇ ಕೇಸ್ ಹಾಕಬಹುದು. ಇನ್ನೊಂದು ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ. ಯಾವ ಆಯೋಗ, ಎಷ್ಟು ಫೀಸು ಅನ್ನೋದು ಸಾಮಾನಿಗೆ ಕೊಟ್ಟ ಬೆಲೆಯ ಮೇಲೆ ನಿಂತಿದೆ, ನೀವು ಕೇಳುವ ಪರಿಹಾರದ ಮೇಲಲ್ಲ. ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಇದ್ದರೆ ಫೀಸೇ ಇಲ್ಲ. ಎರಡು ಸಾವಿರದ ಕುಕ್ಕರ್‌ಗೆ ಹತ್ತು ಲಕ್ಷ ಪರಿಹಾರ ಕೇಳಿದರೂ ನಿಮಗೆ ಫೀಸಿಲ್ಲ. ಲಾಯರ್ ಇಲ್ಲದೆ ನೀವೇ ವಾದ ಮಾಡಬಹುದು. ಆದರೂ ಗಾಯದ ಕೇಸಿಗೆ ಲಾಯರ್ ಇದ್ದರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಿಂದ ಡಿಸ್ಚಾರ್ಜ್ ಕಾಗದ, ಗಾಯದ ಪ್ರಮಾಣಪತ್ರ, ಔಷಧಿ ಬಿಲ್ಲುಗಳನ್ನು ಈಗಲೇ ತಗೊಂಡು ಒಂದು ಫೈಲ್ ಮಾಡಿ. ಡಾಕ್ಟರು ಬರೆದ ಕಾಗದದಲ್ಲಿ "ಕುಕ್ಕರ್ ಸಿಡಿದು" ಅಂತ ಇದೆಯಾ ನೋಡಿಕೊಳ್ಳಿ. ಬರೀ "ಸುಟ್ಟ ಗಾಯ" ಅಂತಿದ್ದರೆ ಅದಕ್ಕೂ ತಕರಾರು ತೆಗೆಯುತ್ತಾರೆ.

ಪ್ರಶ್ನೆ: ನಾನು ಗಂಗಾವತಿಯಿಂದ ಬರೆಯುತ್ತಿದ್ದೇನೆ. ಆನ್‌ಲೈನಲ್ಲಿ ನೀರು ಕಾಯಿಸುವ ಕಾಯಿಲ್ ತರಿಸಿದ್ದೆ. ಮೂರನೇ ದಿನವೇ ನಮ್ಮ ತಂದೆಗೆ ಶಾಕ್ ಹೊಡೆದು ಬಿದ್ದು ಸೊಂಟದ ಮೂಳೆ ಮುರಿಯಿತು. ಡಬ್ಬಿ ಮೇಲೆ ಕಂಪನಿ ವಿಳಾಸವೇ ಇಲ್ಲ. ಆ್ಯಪಿನವರು "ನಾವು ಬರೀ ವೇದಿಕೆ, ಮಾರಿದವರನ್ನು ಕೇಳಿ" ಅಂತಾರೆ. ಯಾರ ಮೇಲೆ ಕೇಸ್ ಹಾಕೋದು?

ಉತ್ತರ: ಮಾರಿದವರ ಮೇಲೆ ಹಾಕಿ, ಆ್ಯಪಿನವರನ್ನೂ ಎದುರುದಾರರಾಗಿ ಸೇರಿಸಿ. ಸಾಮಾನ್ಯವಾಗಿ ಹೊಣೆ ತಯಾರಿಸಿದವರದು. ಆದರೆ ತಯಾರಿಸಿದವರು ಯಾರು ಅಂತಲೇ ಗೊತ್ತಾಗದಿದ್ದರೆ, ಮಾರಿದವರೇ ಹೊಣೆ ಹೊರಬೇಕು ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಇನ್ನು ಮಾರಿದವರ ವಿಳಾಸ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ಕೊಂಡವರು ಬರೆದು ಕೇಳಿದರೆ ಆ್ಯಪಿನವರು ಮಾರಾಟಗಾರರ ವಿಳಾಸ, ವಿವರ ಕೊಡಲೇಬೇಕು. ಫೋನಲ್ಲಿ ಜಗಳ ಆಡಬೇಡಿ, ಇಮೇಲ್ ಬರೆಯಿರಿ. ಆರ್ಡರ್ ನಂಬರ್, ಹಣ ಕಟ್ಟಿದ ಸ್ಕ್ರೀನ್‌ಶಾಟ್, ಆ ಸಾಮಾನಿನ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ಗಲಾಟೆ ಆದ ಮೇಲೆ ಆ ಪುಟ ನಾಳೆ ಇರುತ್ತೋ ಇಲ್ಲವೋ. ಡಬ್ಬಿಯನ್ನೂ ಎಸೆಯಬೇಡಿ, ವಿಳಾಸ ಇಲ್ಲದ ಡಬ್ಬಿಯೇ ನಿಮಗೆ ಆಧಾರ. ಕಾಯಿಲ್ ಮತ್ತೆ ಪ್ಲಗ್ಗಿಗೆ ಹಾಕಿ ಪರೀಕ್ಷೆ ಮಾಡೋಕೆ ಹೋಗಬೇಡಿ, ದಯವಿಟ್ಟು. ನಿಮ್ಮ ಮನೆಯ ಅರ್ಥಿಂಗ್ ಸರಿ ಇತ್ತಾ ಅಂತಲೂ ಕೇಳುತ್ತಾರೆ, ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ ಬರೆಸಿಟ್ಟುಕೊಳ್ಳಿ. ನೀವು ಕೊಪ್ಪಳ ಜಿಲ್ಲೆಯವರು, ಕೊಪ್ಪಳದ ಆಯೋಗಕ್ಕೆ ಹೋಗಬೇಕು. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೆಲವು ಸಲ ಅಲ್ಲಿಂದ ಪತ್ರ ಹೋದರೇ ಕಂಪನಿಯವರು ದಾರಿಗೆ ಬರುತ್ತಾರೆ. ಆದರೆ ಅದು ಕೋರ್ಟಲ್ಲ, ಅದನ್ನೇ ನಂಬಿ ದಿನ ಕಳೆಯಬೇಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಸಾಲ ಮಾಡಿ ತಂದ ಬಟನ್ ಮಷಿನ್ ಪೆಡಲ್ ಒತ್ತದೆಯೇ ಇಳಿದು ನನ್ನ ಹೆಬ್ಬೆರಳು ಹೋಯಿತು. ವ್ಯಾಪಾರಕ್ಕೆ ತಗೊಂಡ ಮಷಿನ್, ಗ್ರಾಹಕರ ಆಯೋಗ ಕೇಳಲ್ಲ ಅಂತ ಒಬ್ಬರು ಹೇಳಿದರು. ಆಗಿ ಒಂದು ವರ್ಷ ಒಂಬತ್ತು ತಿಂಗಳಾಯಿತು.

ಉತ್ತರ: ಅಣ್ಣ, ಅವರು ಅರ್ಧ ಮಾತ್ರ ಹೇಳಿದ್ದಾರೆ. ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲ, ನಿಜ. ಆದರೆ ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಅಂತ ಕೊಂಡಿದ್ದರೆ ಅದು ವ್ಯಾಪಾರದ ಉದ್ದೇಶಕ್ಕೆ ಸೇರಲ್ಲ ಅಂತ ಅದೇ ಕಾಯ್ದೆಯಲ್ಲೇ ಬರೆದಿದೆ. ನೀವೇ ಮಷಿನ್ ಮುಂದೆ ಕೂತು ಹೊಲಿಯುತ್ತೀರಿ, ಅದರಿಂದಲೇ ಮನೆ ನಡೆಯುತ್ತೆ. ಸಾಲದ ಕಾಗದ, ಕೆಲಸ ಕೊಡುವವರ ಲೆಕ್ಕದ ಪುಸ್ತಕ, ಅಕ್ಕಪಕ್ಕದವರ ಹೇಳಿಕೆ ಇಟ್ಟು ಇದನ್ನು ತೋರಿಸಬಹುದು. ಬೇರೆಯವರ ಯೂನಿಟ್ಟಿನಲ್ಲಿ ಕೂಲಿಗೆ ಹೋಗಿ ಅಲ್ಲಿ ಕೈ ಕಳೆದುಕೊಂಡಿದ್ದರೆ ದಾರಿ ಬೇರೆ ಇತ್ತು, ಇಎಸ್‌ಐ ಅನ್ನೋ ಕಾರ್ಮಿಕರ ವಿಮೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮಾಲೀಕರಿಂದ ಪರಿಹಾರ. ನಿಮ್ಮದು ಹಾಗಲ್ಲ.

ನನಗೆ ಚಿಂತೆ ಆಗಿರೋದು ದಿನಗಳದ್ದು. ಘಟನೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಬೀಳಬೇಕು. ಸರಿಯಾದ ಕಾರಣ ಇದ್ದರೆ ತಡವನ್ನು ಆಯೋಗ ಮನ್ನಿಸಬಹುದು, ಆದರೆ ಅದು ಅವರ ಮನಸ್ಸಿಗೆ ಬಿಟ್ಟಿದ್ದು. ನಿಮಗೆ ಉಳಿದಿರೋದು ಮೂರೇ ತಿಂಗಳು. ಕಂಪನಿಗೆ ನೋಟಿಸ್ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ಇದೇ ವಾರ ಬಿಲ್, ಆಸ್ಪತ್ರೆ ಕಾಗದ ಹಿಡಿದು ಲಾಯರ್ ಹತ್ತಿರ ಹೋಗಿ. ಮಷಿನ್ ರಿಪೇರಿ ಮಾಡಿಸಿಬಿಟ್ಟಿದ್ದೀರಾ? ಮಾಡಿಸಿದ್ದರೆ ಆ ಮೆಕ್ಯಾನಿಕ್ ಏನು ಬಿಚ್ಚಿದ, ಯಾವ ಭಾಗ ಬದಲಾಯಿಸಿದ ಅಂತ ಕೇಳಿ ಬರೆಸಿಕೊಳ್ಳಿ, ತೆಗೆದು ಹಾಕಿದ ಹಳೇ ಭಾಗ ಅವನ ಅಂಗಡಿಯ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ ಅದನ್ನು ತಂದಿಟ್ಟುಕೊಳ್ಳಿ.