ಮಗು ಅತ್ತರೆ ಹಾಲು ಸಾಲುತ್ತಿಲ್ಲ ಅಂತಲಾ?

ಪ್ರಶ್ನೆ: ಚೊಚ್ಚಲ ಹೆರಿಗೆ, ಬ್ರಹ್ಮಾವರದ ಅಮ್ಮನ ಮನೆಯಲ್ಲಿದ್ದೇನೆ. ಮಗುವಿಗೆ 16 ದಿನ. ಸಂಜೆ ಆರರಿಂದ ಹತ್ತರವರೆಗೆ ಎದೆ ಬಿಡುವುದೇ ಇಲ್ಲ, ಬಿಡಿಸಿದರೆ ಅಳು. ಪಂಪ್ ಹಾಕಿ ನೋಡಿದೆ, 20 ಎಂ.ಎಲ್. ಕೂಡ ಬರಲಿಲ್ಲ. ಮೊಲೆತೊಟ್ಟು ಒಡೆದು, ಕುಡಿಸುವಾಗ ಜೀವ ಹೋದ ಹಾಗಾಗುತ್ತದೆ. ‘ನಿನಗೆ ಹಾಲು ಸಾಲದು’ ಎಂದು ದೊಡ್ಡಮ್ಮ ಡಬ್ಬಿ ಹಾಲು ತಂದಿಟ್ಟಿದ್ದಾರೆ, ಡಬ್ಬಿ ಇನ್ನೂ ತೆರೆದಿಲ್ಲ. ಹುಟ್ಟಿದಾಗ ತೂಕ 2.9 ಕೆ.ಜಿ., ಮೂರನೇ ದಿನ 2.7, ಮೊನ್ನೆ 14ನೇ ದಿನ ಆಶಾ ಕಾರ್ಯಕರ್ತೆ ತೂಗಿದಾಗ 2.95. ದಿನಕ್ಕೆ ಏಳೆಂಟು ಬಟ್ಟೆ ಒದ್ದೆಯಾಗುತ್ತದೆ. ಸ್ತನ್ಯಪಾನ ಸಲಹೆಗಾರರನ್ನು ಕರೆಸಿದರೆ ಸುಮ್ನೆ ದುಡ್ಡು ದಂಡವೇ?

ಉತ್ತರ: ನಿಮ್ಮ ಪ್ರಶ್ನೆಯ ಒಳಗೇ ಅರ್ಧ ಉತ್ತರ ಇದೆ. ಮೂರನೇ ದಿನದಿಂದ 14ನೇ ದಿನಕ್ಕೆ 250 ಗ್ರಾಂ. ದಿನಕ್ಕೆ ಸುಮಾರು 23 ಗ್ರಾಂ ಆಯ್ತಲ್ವಾ? ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು, ನಿಮ್ಮ ಮಗು ಅದನ್ನೂ ದಾಟಿದೆ. ಐದನೇ ದಿನದ ನಂತರ ದಿನಕ್ಕೆ ಆರು ಬಟ್ಟೆ ಒದ್ದೆಯಾದರೆ ಸಾಕು. ಹಾಲು ಇದೆ.

ಪಂಪನ್ನು ನಂಬಬೇಡಿ. ಮಗು ಎಳೆಯುವಷ್ಟು ಹಾಲನ್ನು ಯಂತ್ರ ಎಳೆಯುವುದಿಲ್ಲ. ಸಂಜೆ ಬಿಡದೆ ಕುಡಿಯುವುದು ಈ ವಯಸ್ಸಿನ ಮಕ್ಕಳ ರೂಢಿ. ಆಗ ಡಬ್ಬಿ ಹಾಲು ಕೊಟ್ಟರೆ ಮಗು ಎದೆಗೆ ಬರುವುದು ಕಡಿಮೆ, ಎದೆ ಖಾಲಿಯಾಗುವುದು ಕಡಿಮೆ. ಹಾಲು ನಿಜವಾಗಿಯೂ ಕಡಿಮೆಯಾಗುವುದು ಆಮೇಲೆ.

ನನಗೆ ಚಿಂತೆ ನಿಮ್ಮ ನೋವಿನದು. ‘ಮೊದಲ ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ’ ಎನ್ನುವ ಮಾತು ನಾನು ಒಪ್ಪುವುದಿಲ್ಲ. ತೊಟ್ಟು ಒಡೆದಿದೆ ಎಂದರೆ ಹೆಚ್ಚಾಗಿ ಮಗು ತೊಟ್ಟನ್ನು ಮಾತ್ರ ಕಚ್ಚಿದೆ ಎಂದರ್ಥ. ಕುಡಿದು ಬಿಟ್ಟ ಕೂಡಲೇ ನೋಡಿ. ತೊಟ್ಟು ಲಿಪ್‌ಸ್ಟಿಕ್ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿದೆಯಾ? ಹಾಗಾದರೆ ಹಿಡಿತ ಸರಿಯಿಲ್ಲ.

ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಬರೀ ಕತ್ತು ತಿರುಗಿಸಿ ಕುಡಿಯುವಂತಾಗಬಾರದು. ತಲೆ ಒತ್ತಬೇಡಿ, ಬೆನ್ನು, ಭುಜಕ್ಕೆ ಕೈ ಕೊಡಿ. ತೊಟ್ಟು ಮಗುವಿನ ಮೂಗಿನ ನೇರಕ್ಕೆ ಇಟ್ಟು ಕಾಯಿರಿ. ಆಕಳಿಸುವ ಹಾಗೆ ಬಾಯಿ ದೊಡ್ಡದಾದ ಕ್ಷಣಕ್ಕೆ ಹತ್ತಿರ ತನ್ನಿ, ಗದ್ದ ಮೊದಲು ಎದೆಗೆ ತಾಗಲಿ. ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕಾಣಬೇಕು. ನೋವಾದರೆ ಎಳೆದು ಬಿಡಿಸಬೇಡಿ, ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಗಾಯಕ್ಕೆ ಸೋಪು ಬೇಡ, ನಿಮ್ಮದೇ ಹಾಲು ನಾಲ್ಕು ಹನಿ ಸವರಿ ಒಣಗಲು ಬಿಡಿ.

ಓದಿ ಮಾಡುವುದು ಕಷ್ಟ, ಗೊತ್ತು. ಸಲಹೆಗಾರರು ಬೇಕಾಗುವುದು ಅದಕ್ಕೇ, ದುಡ್ಡು ದಂಡ ಅಲ್ಲ. ಮೊದಲು ಹೆರಿಗೆಯಾದ ಆಸ್ಪತ್ರೆಯಲ್ಲೇ ವಿಚಾರಿಸಿ. ಆಶಾ ಕಾರ್ಯಕರ್ತೆ 21, 28, 42ನೇ ದಿನವೂ ಮನೆಗೆ ಬರಬೇಕು, ಅವರಿಗೂ ಹೇಳಿ. ಖಾಸಗಿಯಾಗಿ ಕರೆಸುವುದಾದರೆ ಒಂದೇ ಪ್ರಶ್ನೆ ಕೇಳಿ: ‘ಒಂದು ಸಲ ಪೂರ್ತಿ ಕುಡಿಸುವುದನ್ನು ಕೂತು ನೋಡುತ್ತೀರಾ?’ ಇಲ್ಲ ಎಂದರೆ ಬಿಟ್ಟುಬಿಡಿ. ಡಬ್ಬಿ ಹಾಲಿನ ಉಚಿತ ಸ್ಯಾಂಪಲ್ ಕೈಗಿಟ್ಟರೂ ಬಿಟ್ಟುಬಿಡಿ. 1992ರ ಕಾನೂನಿನಲ್ಲಿ ಅದಕ್ಕೆ ನಿಷೇಧವಿದೆ.

ಹಾಲು ಹೆಚ್ಚಲಿ ಎಂದು ಬಾಣಂತಿಗೆ ಕೊಡುವ ಮೆಂತೆ ಗಂಜಿ ಬಗ್ಗೆ ತಕರಾರಿಲ್ಲ, ಹೊಟ್ಟೆಗೆ ಹಿತ. ಆದರೆ ಹಾಲು ಹೆಚ್ಚುವುದು ಮಗು ಕುಡಿದಷ್ಟೂ. ಬಾಯಾರಿದರೆ ನೀರು ಕುಡಿಯಿರಿ, ಬಾಣಂತಿಗೆ ನೀರು ಕೊಡಬಾರದು ಎನ್ನುವುದನ್ನು ಕೇಳಬೇಡಿ. ಮಗುವಿಗೆ ಮಾತ್ರ ಬಜೆ ತೇಯ್ದು ನೆಕ್ಕಿಸುವುದು, ಜೇನು, ನೀರು ಯಾವುದೂ ಬೇಡ.

ಎದೆಯಲ್ಲಿ ಕೆಂಪಾದ ಗಟ್ಟಿ ಜಾಗ, ಜೊತೆಗೆ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ಕುಡಿಸುವುದು ನಿಲ್ಲಿಸಬೇಡಿ. ಮಗು ಎಬ್ಬಿಸಿದರೂ ಏಳದೆ ಮಂಕಾದರೆ, ಒದ್ದೆ ಬಟ್ಟೆ ಕಡಿಮೆಯಾದರೆ ರಾತ್ರಿಯಾದರೂ ಕಾಯಬೇಡಿ.

ಡಬ್ಬಿ ಸದ್ಯ ಹಾಗೇ ಇರಲಿ. ದೊಡ್ಡಮ್ಮನಿಗೆ ಬೇರೆ ಕೆಲಸ ಕೊಡಿ: ಸಂಜೆ ಒಂದು ಸಲ ಕುಡಿಸಿ ಆದ ಮೇಲೆ ಅರ್ಧ ಗಂಟೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಓಡಾಡಲಿ. ಅಷ್ಟು ಹೊತ್ತು ನೀವು ಮಲಗಿ.