ನ್ಯೂಸ್ ಸರ್ವರ್ ಡಿಸ್ಕ್ ತುಂಬಿತೇ? ಮೊದಲು ಆರ್‌ಎಂ (ಫೈಲ್ ಅಳಿಸುವ ಆಜ್ಞೆ) ಬಿಡಿ

ಯೂಸ್‌ನೆಟ್ ಎಂದರೆ ಸರ್ವರ್‌ನಿಂದ ಸರ್ವರ್‌ಗೆ ಲೇಖನ ಹರಿಯುವ ಹಳೆಯ ಚರ್ಚಾ ಜಾಲ. ಅದರ ಸರ್ವರ್ ನಡೆಸುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಆದರೂ ಡಿಸ್ಕ್ ತುಂಬಿದ ಕಥೆ ಮಾತ್ರ ಬರುತ್ತಲೇ ಇರುತ್ತದೆ. ಅದರ ಸರ್ವರ್ ತಂತ್ರಾಂಶವಾದ ಐಎನ್ಎನ್ ಹಾಕುವುದು ಹೇಗೆ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಎಂದರೇನು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಸರ್ವರ್ ಶುರು ಮಾಡಿದ್ದೇ ತಪ್ಪು.

ಪ್ರಶ್ನೆ: ಸರ್, ಕಾಲೇಜು ಲ್ಯಾಬ್‌ನಲ್ಲಿ ಟ್ರಾಡ್‌ಸ್ಪೂಲ್ (ಲೇಖನಕ್ಕೊಂದು ಫೈಲ್ ಇಡುವ ವಿಧಾನ) ಇಟ್ಟುಕೊಂಡು ಐಎನ್ಎನ್ ನಡೆಸುತ್ತಿದ್ದೇವೆ. ಡಿಸ್ಕ್ ತುಂಬಿ ಸರ್ವರ್ ನಿಂತಿತು. ಗೆಳೆಯರು ಕೊಟ್ಟ ಒಂದು ಸಾಲಿನ ಸ್ಕ್ರಿಪ್ಟ್‌ನಿಂದ 30 ದಿನಕ್ಕಿಂತ ಹಳೆಯ ಲೇಖನಗಳನ್ನು ಅಳಿಸಿದೆ. ಹಿಸ್ಟರಿ ಫೈಲ್ ದೊಡ್ಡದಾಗಿತ್ತು, ಅದನ್ನೂ ತೆಗೆದು ಖಾಲಿ ಫೈಲ್ ಇಟ್ಟೆ. ಈಗ ಶೀರ್ಷಿಕೆ ಕಾಣುತ್ತದೆ, ತೆರೆದರೆ ಲೇಖನ ಇಲ್ಲ. ಕೆಲವು ಲೇಖನ ಎರಡೆರಡು ಸಲ ಬಂದಿವೆ. ಏನು ಮಾಡಲಿ?

ಉತ್ತರ: ಆ ಸ್ಕ್ರಿಪ್ಟ್ ನನಗೂ ಗೊತ್ತು. ಊರೆಲ್ಲ ಸುತ್ತುತ್ತಿದೆ. ಕೊಟ್ಟವರಿಗೆ ನ್ಯೂಸ್ ಸರ್ವರ್ ಮತ್ತು ಡೌನ್‌ಲೋಡ್ ಫೋಲ್ಡರ್ ನಡುವಿನ ವ್ಯತ್ಯಾಸ ಗೊತ್ತಿಲ್ಲ.

ಲೇಖನ ಸ್ಪೂಲ್ ಎಂಬ ಉಗ್ರಾಣದಲ್ಲಿರುತ್ತದೆ. ಅದರ ಶೀರ್ಷಿಕೆ, ಬರೆದವರ ಹೆಸರು ಓವರ್‌ವ್ಯೂ ಎಂಬ ಪಟ್ಟಿಯಲ್ಲಿ. ಅದರ ಗುರುತಾದ ಮೆಸೇಜ್ ಐಡಿ ಹಿಸ್ಟರಿಯಲ್ಲಿ. ನೀವು ಸ್ಪೂಲ್ ಒಂದನ್ನೇ ಗುಡಿಸಿದಿರಿ. ಓವರ್‌ವ್ಯೂಗೆ ಸುದ್ದಿಯೇ ಇಲ್ಲ, ಹಾಗಾಗಿ ಶೀರ್ಷಿಕೆ ತೋರಿಸುತ್ತಲೇ ಇದೆ.

ಹಿಸ್ಟರಿ ತೆಗೆದದ್ದು ಇನ್ನೂ ದೊಡ್ಡ ಅನಾಹುತ. ಅದು ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದ ಹಾಗೆ. ಪಕ್ಕದ ಸರ್ವರ್ ಒಂದು ಲೇಖನ ಕೊಡಲು ಬಂದಾಗ, ‘ಇದು ಆಗಲೇ ಬಂದಿದೆ, ಬೇಡ’ ಎನ್ನುವುದು ಅದನ್ನು ನೋಡಿಯೇ. ಲೇಖನ ಅಳಿಸಿ ಹೋದ ಮೇಲೂ ಅದರ ಐಡಿಯನ್ನು ಸ್ವಲ್ಪ ದಿನ ಇಟ್ಟುಕೊಳ್ಳಬೇಕು. ಎಷ್ಟು ದಿನ ಇಡಬೇಕೆಂದು ಬರೆಯುವ ಎಕ್ಸ್‌ಪೈರ್.ಸಿಟಿಎಲ್ ಫೈಲ್‌ನಲ್ಲಿರುವ ‘ರಿಮೆಂಬರ್’ ಸಾಲು ಅದಕ್ಕೇ. ಐಎನ್ಎನ್ ಮಾಮೂಲಿಯಾಗಿ 10 ದಿನಕ್ಕಿಂತ ಹಳೆಯ ಲೇಖನ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಈ ಸಾಲಿನಲ್ಲಿ 11 ಇರುತ್ತದೆ. ಜಾಗ ಉಳಿಸಲು ಅದನ್ನು 2 ಮಾಡುವ ಜಾಣರೂ ಇದ್ದಾರೆ.

ಈಗ ರಿಪೇರಿ. ಸರ್ವರ್ ನಿಲ್ಲಿಸಿ. ‘ನ್ಯೂಸ್’ ಬಳಕೆದಾರರಾಗಿ ಲಾಗಿನ್ ಆಗಿ, ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ ಅಲ್ಲ. ರೂಟ್ ಆಗಿ ಮಾಡಿದರೆ ಫೈಲ್‌ಗಳೆಲ್ಲ ರೂಟ್ ಹೆಸರಿಗೆ ಹೋಗುತ್ತವೆ, ಆಮೇಲೆ ಸರ್ವರ್ ಅವನ್ನು ಮುಟ್ಟಲಾರದು. ಹಳೆಯ ಓವರ್‌ವ್ಯೂ ತೆಗೆದು, ಮೇಕ್‌ಹಿಸ್ಟರಿ ಆಜ್ಞೆಯಿಂದ ಹಿಸ್ಟರಿ, ಓವರ್‌ವ್ಯೂ ಎರಡನ್ನೂ ಸ್ಪೂಲ್ ನೋಡಿ ಮತ್ತೆ ಕಟ್ಟಿ. ನಂತರ ಹಿಸ್ಟರಿಯ ಸೂಚಿ ಕಟ್ಟುವ ಮೇಕ್‌ಡಿಬಿಜೆಡ್ ಓಡಿಸಿ. ಅಳಿಸಿ ಹೋದ ಲೇಖನಗಳ ಐಡಿ ವಾಪಸ್ ಬರುವುದಿಲ್ಲ. ಎರಡೆರಡು ಬಂದದ್ದು ಅವಧಿ ಮುಗಿದಾಗ ತಾನಾಗಿ ಹೋಗುತ್ತದೆ, ಸುಮ್ನೆ ಬಿಡಿ.

ಡಿಸ್ಕ್ ತುಂಬಿದ್ದು ಯಾಕೆ ಎಂದು ನೋಡಿದಿರಾ? ಟ್ರಾಡ್‌ಸ್ಪೂಲ್‌ನಲ್ಲಿ ಒಂದೊಂದು ಲೇಖನಕ್ಕೂ ಒಂದೊಂದು ಫೈಲ್. ಜಾಗ ಇದ್ದರೂ ಐನೋಡ್ (ಫೈಲ್‌ಗೊಂದರಂತೆ ಬೇಕಾಗುವ ದಾಖಲೆ) ಮುಗಿದಿರಬಹುದು, ಡಿಎಫ್ ಆಜ್ಞೆಗೆ ಮೈನಸ್ ಐ ಸೇರಿಸಿ ನೋಡಿ. ಆಮೇಲೆ ಎಕ್ಸ್‌ಪೈರ್.ಸಿಟಿಎಲ್ ತೆರೆಯಿರಿ. ಅಲ್ಲಿ ಕೊನೆಗೆ ಹೊಂದುವ ಸಾಲೇ ಗೆಲ್ಲುವುದು. ಎಲ್ಲ ಚರ್ಚಾ ಗುಂಪಿಗೂ ಅನ್ವಯಿಸುವ ಸಾಲನ್ನು ಕೆಳಗೆ ಬರೆದು, ಮೇಲಿನದು ಕೆಲಸ ಮಾಡುತ್ತಿಲ್ಲ ಎಂದು ಪತ್ರ ಬರೆಯುವವರು ಎಷ್ಟು ಜನ! ಕೊನೆಯ ಕಾಲಂನಲ್ಲಿ ‘ನೆವರ್’ ಇದ್ದರೆ, ಬರೆದವರು ಹಾಕಿದ ಎಕ್ಸ್‌ಪೈರ್ಸ್ ದಿನಾಂಕ ಎಷ್ಟೇ ದೂರವಿದ್ದರೂ ಲೇಖನ ಅಲ್ಲಿಯವರೆಗೆ ಕೂರುತ್ತದೆ. ಅಲ್ಲೊಂದು ಸಂಖ್ಯೆ ಹಾಕಿ.

ಇನ್ನೊಂದು ವಿಷಯ. ಅವಧಿ ಮುಗಿದದ್ದನ್ನು ತೆಗೆಯುವ ಎಕ್ಸ್‌ಪೈರ್ ಓಡುವಾಗ ಹೊಸ ಹಿಸ್ಟರಿ ಬರೆದು ಆಮೇಲೆ ಹಳೆಯದನ್ನು ಬದಲಿಸುತ್ತದೆ. ಅಂದರೆ ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು. ಪೂರ್ತಿ ತುಂಬಿದ ಡಿಸ್ಕ್‌ನಲ್ಲಿ ಅದೂ ಸೋಲುತ್ತದೆ. ಆಗ ಎಕ್ಸ್‌ಪೈರ್ ಅನ್ನು ದಿನಾ ಓಡಿಸುವ ನ್ಯೂಸ್.ಡೈಲಿಗೆ ‘ಎಕ್ಸ್‌ಪ್‌ಡಿರ್’ ಕೊಟ್ಟು ಬೇರೆ ಪಾರ್ಟಿಷನ್ ತೋರಿಸಿ. ನ್ಯೂಸ್.ಡೈಲಿ ದಿನಾ ಕಳಿಸುವ ಮೇಲ್ ಓದಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ಅದನ್ನು ಸ್ಪ್ಯಾಮ್ ಫೋಲ್ಡರ್‌ಗೆ ತಳ್ಳಿದ್ದೀರಿ, ಅಲ್ವಾ?

ಇಷ್ಟೆಲ್ಲ ತಲೆನೋವು ಬೇಡವೆಂದರೆ ಟ್ರಾಡ್‌ಸ್ಪೂಲ್ ಬದಲು ಸಿಎನ್‌ಎಫ್‌ಎಸ್ ಎಂಬ ವಿಧಾನ ಇಡಿ. ಮೊದಲೇ ಗೊತ್ತು ಮಾಡಿದಷ್ಟೇ ಜಾಗ. ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಯಾವ ಲೇಖನ ಎಷ್ಟು ದಿನ ಉಳಿಯಬೇಕು ಎಂಬ ಹಿಡಿತ ಮಾತ್ರ ಇರುವುದಿಲ್ಲ.

ಪ್ರಶ್ನೆ: ವಾರಕ್ಕೊಮ್ಮೆ ಸರ್ವರ್ ರೀಸ್ಟಾರ್ಟ್ ಮಾಡಿದರೆ ಚುರುಕಾಗುತ್ತದಂತೆ?

ಉತ್ತರ: ಇಲ್ಲ. ಸೆಟ್ಟಿಂಗ್ ಬದಲಿಸಿದಾಗಲೂ ಹೆಚ್ಚಿನ ಸಲ ಸಿಟಿಎಲ್‌ಐಎನ್‌ಎನ್‌ಡಿ ರೀಲೋಡ್ ಆಜ್ಞೆ ಸಾಕು.

ಪ್ರಶ್ನೆ: ಗೂಗಲ್ ಗ್ರೂಪ್ಸ್ ಯೂಸ್‌ನೆಟ್ ಬಿಟ್ಟಿತಲ್ಲ, ಇನ್ನು ಸರ್ವರ್ ಯಾಕೆ?

ಉತ್ತರ: 2024ರ ಫೆಬ್ರವರಿ 22ಕ್ಕೆ ಬಿಟ್ಟಿತು. ಅಲ್ಲಿಂದ ಹರಿದು ಬರುತ್ತಿದ್ದ ಸ್ಪ್ಯಾಮೂ ಅಲ್ಲಿಗೆ ನಿಂತಿತು. ನನಗೇನೂ ಬೇಜಾರಿಲ್ಲ.

ಪ್ರಶ್ನೆ: ಮನೆಯಲ್ಲಿ ಓದುವವಳು ನಾನೊಬ್ಬಳೇ. ಐಎನ್ಎನ್ ಬೇಕಾ?

ಉತ್ತರ: ಬೇಡ. ಲೀಫ್‌ನೋಡ್ ಎಂಬ ಚಿಕ್ಕ ಸರ್ವರ್ ಹಾಕಿ. ಹಳೆಯ ಲೇಖನ ಅಳಿಸುವ ಅದರ ಟೆಕ್ಸ್‌ಪೈರ್ ಅನ್ನು ಕ್ರಾನ್‌ಗೆ ಸೇರಿಸಿ.