ಹೆಸರಿನ ಖಾನೆ ಖಾಲಿಯಿದ್ದರೂ ಚುಚ್ಚುಮದ್ದು ಕೊಡುತ್ತಾರೆ

ಹಾಸನದ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಿಲ್ಲ, ನಾನೂ ಕೇಳುವುದಿಲ್ಲ. ಮೂರೂವರೆ ಪುಟದ ತುಂಬ ಮನೆಗೆ ಬಂದ ನಾಯಿಮರಿಗೆ ಏನು ಹೆಸರಿಡಬೇಕು ಎಂಬ ರಾಮಾಯಣ. ಮಿಕ್ಕ ಅರ್ಧ ಪುಟದಲ್ಲಿ, ಅದೂ ಕಂಸದೊಳಗೆ, ಒಂದು ಮಾತಿದೆ. ಅದನ್ನು ಓದಿದ ಮೇಲೆ ನನಗೆ ರಾತ್ರಿ ಊಟ ಸೇರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕಥೆ ಇಷ್ಟು. ಗೌರಿ ಹಬ್ಬದ ಸಂಜೆ ಒಂಬತ್ತನೇ ತರಗತಿಯ ಮಗ ಟ್ಯೂಷನ್ ಮುಗಿಸಿ ಬರುವಾಗ ಚರಂಡಿಯ ಪಕ್ಕ ಕುಂಯ್‌ಗುಡುತ್ತಿದ್ದ ಹೆಣ್ಣುಮರಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ. ಆಗ ಅದಕ್ಕೆ ಒಂದೂವರೆ ತಿಂಗಳಿರಬಹುದು. ಹಬ್ಬದ ದಿನ ಬಂದದ್ದರಿಂದ ‘ಗೌರಿ’ ಎಂದೇ ಕರೆಯೋಣ ಎಂದರು ಯಜಮಾನರು. ದೇವರ ಹೆಸರನ್ನು ನಾಯಿಗಿಟ್ಟು ಬೈಯುವುದು ಹೇಗೆ, ಮೇಲಾಗಿ ಪಕ್ಕದ ಮನೆಯ ಸೊಸೆಯೂ ಗೌರಿಯೇ ಎಂದು ಅತ್ತೆ ತಡೆದರು. ಮಗನಿಗೆ ‘ಬ್ರೂನೋ’ ಬೇಕು. ಅದು ಗಂಡು ನಾಯಿಯ ಹೆಸರು ಎಂದು ಅಪ್ಪ ನಕ್ಕಿದ್ದಕ್ಕೆ ಹುಡುಗ ಎರಡು ದಿನ ಮಾತು ಬಿಟ್ಟ. ಇಷ್ಟರಲ್ಲಿ ಬೆಂಗಳೂರಿನಲ್ಲಿರುವ ಮೈದುನ ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಕಳಿಸಿದ್ದಾರೆ. ಸಂಖ್ಯಾಶಾಸ್ತ್ರದ ಪ್ರಕಾರ ‘ಕ’ ಅಕ್ಷರದಿಂದ ಆರಂಭವಾದರೆ ಮನೆಗೆ ಏಳಿಗೆಯಂತೆ. ದೀಪಾವಳಿ ಹತ್ತಿರ ಬಂದರೂ ಹೆಸರು ನಿಶ್ಚಯವಾಗಿಲ್ಲ. ‘ಎಲ್ಲರಿಗೂ ಒಪ್ಪಿಗೆಯಾಗುವ ಹೆಸರನ್ನು ನೀವೇ ಸೂಚಿಸಿ’ ಎಂದು ಕೇಳಿದ್ದೀರಿ.

ಈಗ ಆ ಕಂಸದೊಳಗಿನ ಮಾತು: ‘ಲಸಿಕೆ ಇನ್ನೂ ಹಾಕಿಸಿಲ್ಲ. ಪುಸ್ತಕದಲ್ಲಿ ಹೆಸರು ಬರೆಸಬೇಕಲ್ಲ, ಗೊತ್ತಾದ ಮೇಲೆ ಒಂದೇ ಸಲ ಹೋದರಾಯಿತು ಎಂದು ಇವರು ಸುಮ್ಮನಿದ್ದಾರೆ. ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಮಗನ ಕೈಯೆಲ್ಲ ಗೀರು.’

ತಾಯಿ, ನಿಮ್ಮ ಪತ್ರದ ವಿಷಯ ಇದು. ಉಳಿದದ್ದೆಲ್ಲ ಹರಟೆ.

ಬೀದಿಯಿಂದ ಬಂದ ಮರಿ. ಅದರ ತಾಯಿ ಯಾವುದು, ಅದಕ್ಕೇನಾಗಿತ್ತು, ಯಾರಿಗೂ ತಿಳಿಯದು. ಆರರಿಂದ ಎಂಟು ವಾರದೊಳಗೆ ಬೀಳಬೇಕಾದ, ಪಾರ್ವೊ, ಡಿಸ್ಟೆಂಪರ್ ಎಂಬ ನಾಯಿಗಳ ಮಾರಕ ಸೋಂಕುಗಳ ಲಸಿಕೆ ಬಿದ್ದಿಲ್ಲ. ಪಾರ್ವೊ ಬಡಿದರೆ ಬೆಳಿಗ್ಗೆ ಕುಣಿಯುತ್ತಿದ್ದ ಮರಿ ವಾಂತಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. ಮೂರು ತಿಂಗಳು ತುಂಬುತ್ತಲೇ ಹಾಕಿಸಬೇಕಾದ ರೇಬಿಸ್ ಲಸಿಕೆಯ ಹೊತ್ತೂ ಮೀರುತ್ತಿದೆ. ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದಿಲ್ಲವೆಂದೇ ಲೆಕ್ಕ. ಮನುಷ್ಯರಲ್ಲಿ ಕಾಣಿಸಿದ ರೇಬಿಸ್ ಪ್ರಕರಣವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದ್ದು ಸುಮ್ಮನೆ ಅಲ್ಲ. ಇಂಥದ್ದನ್ನು ನಿಮ್ಮ ಯಜಮಾನರು ನಾಮಕರಣದ ಮುಹೂರ್ತಕ್ಕೆ ಗಂಟು ಹಾಕಿ ಕುಳಿತಿದ್ದಾರೆ!

ಪಶು ಆಸ್ಪತ್ರೆಯಲ್ಲಿ ಹೆಸರಿನ ಖಾನೆ ಖಾಲಿ ಇದ್ದರೆ ಸೂಜಿ ಒಳಗೆ ಹೋಗುವುದಿಲ್ಲವೆಂದು ಅವರಿಗೆ ಹೇಳಿದವರು ಯಾರು? ‘ಮರಿ, ಹೆಣ್ಣು, ಕಂದು ಬಣ್ಣ’ ಎಂದು ಬರೆಸಿದರೆ ಮುಗಿಯಿತು. ಹೆಸರನ್ನು ಆಮೇಲೆ ಪೆನ್ನಿನಲ್ಲಿ ತುಂಬಬಹುದು.

ಯಜಮಾನರದ್ದು ಸೋಮಾರಿತನ, ಅದನ್ನು ಕ್ಷಮಿಸಬಹುದು. ನನಗೆ ಸಿಟ್ಟಿರುವುದು ಆ ಮೈದುನನ ಮೇಲೆ. ಮರಿಯನ್ನು ಆತ ಇನ್ನೂ ಕಣ್ಣಾರೆ ಕಂಡಿಲ್ಲವೆಂದು ನೀವೇ ಬರೆದಿದ್ದೀರಿ. ವರ್ಷಕ್ಕೆ ಎರಡು ಸಲ ಬಂದು ಒಬ್ಬಟ್ಟು ತಿಂದು ಹೋಗುವವರಿಗೆ ಹಾಸನದ ಮನೆಯ ನಾಯಿಯ ಮೊದಲಕ್ಷರದ ಉಸಾಬರಿ ಏಕೆ? ಮನೆಯೊಳಗೇ ಒಂದು ವಾರದಲ್ಲಿ ತಣ್ಣಗಾಗಬೇಕಿದ್ದ ಮಾತನ್ನು ದೀಪಾವಳಿಯವರೆಗೆ ಎಳೆದು ತಂದದ್ದು ಆ ಪಟ್ಟಿಯೇ. ಈ ಅಂಕಣದಲ್ಲಿ ಮಗುವಿನ ಹೆಸರು, ಮನೆಯ ಬಣ್ಣ, ಮದುವೆ ಛತ್ರ ಎಂದು ಏನೇ ಬಂದರೂ ನಾನು ಹಾಡುವುದು ಒಂದೇ ರಾಗ: ಕೆಲಸ ಮಾಡುವವರಿಗೆ ಮಾತು. ಅಡುಗೆಮನೆಯ ಮೂಲೆಯ ಉಚ್ಚೆ ಒರೆಸುವವರು ನೀವು. ಅನ್ನಕ್ಕೆ ಮಜ್ಜಿಗೆ ಕಲಸಿ ತಟ್ಟೆಗೆ ಹಾಕುವವರು ಅತ್ತೆ. ಹೊರಗೆ ತಿರುಗಿಸಿಕೊಂಡು ಬರುವವನು ಹುಡುಗ. ಓಟಿರುವುದು ಈ ಮೂವರಿಗೆ. ನಾಲ್ಕು ಪುಟದಲ್ಲಿ ನಿಮಗೆ ಯಾವ ಹೆಸರು ಇಷ್ಟವೆಂದು ಒಂದು ಕಡೆಯೂ ಬರೆಯದ ನೀವು, ಮೈದುನ ಬೇಜಾರು ಮಾಡಿಕೊಂಡಾರು ಎಂದು ಎರಡು ಕಡೆ ಬರೆದಿದ್ದೀರಿ. ಮಾಡಿಕೊಳ್ಳಲಿ ಬಿಡಿ.

ಅತ್ತೆಯವರ ಎರಡು ತಕರಾರುಗಳಲ್ಲಿ ಒಂದು ನಿಲ್ಲುತ್ತದೆ, ಒಂದು ನಿಲ್ಲುವುದಿಲ್ಲ. ಪಕ್ಕದ ಮನೆಯ ಸೊಸೆಯ ವಿಷಯದಲ್ಲಿ ಅವರು ನೂರಕ್ಕೆ ನೂರು ಸರಿ. ಬೆಳಿಗ್ಗೆ ಆರಕ್ಕೆ ಕಾಂಪೌಂಡಿನಲ್ಲಿ ನಿಂತು ‘ಗೌರೀ, ಅಲ್ಲೇಕೆ ಕೂತೆ, ಏಳು!’ ಎಂದು ಯಜಮಾನರು ಕೂಗಿದರೆ ಆ ಹುಡುಗಿ ಏನಂದುಕೊಳ್ಳಬೇಕು? ನೆರೆಹೊರೆ ಉಳಿಯಬೇಕಾದರೆ ಗೌರಿ ಬೇಡ.

ದೇವರ ಹೆಸರು ನಾಯಿಗೆ ಸಲ್ಲದು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಶಾಸನವೊಂದು ಸಿಕ್ಕಿದೆ. ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಹೋರಾಡಿದ. ಮೆಚ್ಚಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಅರಸನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಕಾಳಿಯನ್ನು ಭಾರಿ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಅರ್ಚಕ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿಯೂ ಹಂದಿಯೂ ಸೆಣಸುವ ಚಿತ್ರದ ಸಮೇತ. ಕಾಳಿ ದೇವಿಯ ಹೆಸರಲ್ಲವೇ? ಅತ್ತೆಯವರಿಗೆ ಇದನ್ನು ಓದಿ ಹೇಳಿ. ಬೈಯುವ ಮಾತಿಗೂ ಉತ್ತರವಿದೆ: ನಾಯಿಯನ್ನು ಅದರ ಹೆಸರು ಹಿಡಿದು ಬೈಯಲೇಬಾರದು. ಹೆಸರು ಕೇಳಿದರೆ ತಿಂಡಿಯೋ ಮುದ್ದೋ ಸಿಗುತ್ತದೆಂದು ಅದು ಕಲಿತಿದ್ದರೆ ತಾನೇ ಬೀದಿಯಲ್ಲಿ ಲಾರಿ ಬರುವಾಗ ಕರೆದರೆ ತಿರುಗಿ ಬರುವುದು? ಬೈಯುವುದಕ್ಕೆ ‘ಛೀ’ ಸಾಕು.

ಇನ್ನು ಹುಡುಗನ ಬ್ರೂನೋ. ಗಂಡು ಹೆಸರು, ಹೆಣ್ಣು ಹೆಸರು ಎಂಬ ತಕರಾರು ನಿಮ್ಮ ಯಜಮಾನರಿಗೆ, ಮರಿಗಲ್ಲ. ಆದರೆ ಮರಿ ಚಪ್ಪಲಿಗೆ ಬಾಯಿ ಹಾಕಿದಾಗಲೆಲ್ಲ ಮನೆಯವರೆಲ್ಲ ‘ನೋ, ನೋ’ ಎಂದು ಕೂಗುತ್ತೀರೆಂದು ಬರೆದಿದ್ದೀರಿ. ಕರೆಯುವ ಹೆಸರೂ ‘ನೋ’ ಎಂದೇ ಮುಗಿದರೆ ಬರಬೇಕೋ ಬಿಡಬೇಕೋ ತಿಳಿಯದೆ ಅದು ನಿಂತಲ್ಲೇ ನಿಂತೀತು. ಇದನ್ನು ಅವನಿಗೆ ಗದರದೆ ಹೇಳಿ. ಎರಡೇ ಅಕ್ಷರದ, ಅಜ್ಜಿಯ ನಾಲಿಗೆಗೂ ಸಲೀಸಾಗಿ ಬರುವ ಇನ್ನೊಂದು ಹೆಸರನ್ನು ಅವನೇ ಹುಡುಕಲಿ. ತಂದವನು ಅವನು, ಇಡುವ ಹಕ್ಕೂ ಅವನದೇ. ಅಜ್ಜಿಗೂ ನಿಮಗೂ ಒಂದೊಂದು ಸಲ ‘ಬೇಡ’ ಎನ್ನುವ ಅಧಿಕಾರವಿರಲಿ. ನಾನು ಹೆಸರು ಸೂಚಿಸುವುದಿಲ್ಲ. ಬೆಂಗಳೂರಿನ ಮೈದುನನಿಗೆ ಇಲ್ಲದ ಓಟು ನನಗೂ ಇಲ್ಲ.

ಆದರೆ ಅದು ಸಾವಕಾಶವಾಗಿ ಆಗಲಿ. ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಇದೊಂದೇ: ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ಯಿರಿ. ಯಜಮಾನರು ಬರದಿದ್ದರೆ ಆಟೋದಲ್ಲಿ ನೀವೇ ಹೋಗಿ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿಂದ ನೇರ ಜಿಲ್ಲಾಸ್ಪತ್ರೆಗೆ ನಡೆದು, ಅವನ ಕೈಯ ಗೀರುಗಳನ್ನು ತೋರಿಸಿ, ಲಸಿಕೆ ಬೀಳದ ಬೀದಿಮರಿಯ ಹಲ್ಲು ತಾಗಿದ್ದು ಎಂದು ಬಾಯಿಬಿಟ್ಟು ಹೇಳಿ. ಅವನಿಗೆ ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ, ಮನೆಯವರಲ್ಲ. ಅಷ್ಟರೊಳಗೆ ಹೊಸ ಗೀರು ಬಿದ್ದರೆ ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ ಮೆತ್ತಬೇಡಿ.

ನನಗೆ ಮತ್ತೆ ಬರೆಯುವುದಾದರೆ ಮೊದಲ ಸಾಲಿನಲ್ಲಿ ಎರಡನೆಯ ಡೋಸಿನ ತಾರೀಖಿರಲಿ. ಹೆಸರನ್ನು ಬೇಕಾದರೆ ಕಂಸದೊಳಗೆ ಹಾಕಿ.